ಮಂಗೇಶನ ಎರಡು ಉಣ್ಣೆ ಅಂಗಿ

ಮೇ ತಿಂಗಳ ಕಾರವಾರದಲ್ಲಿ ಉಣ್ಣೆ ಅಂಗಿ ತೊಟ್ಟು ಓಡಾಡಿದ ಮನುಷ್ಯನ ಕುರಿತು ತಾಳ್ಮೆಯಿಂದ ಬರೆಯುವುದು ನನ್ನಿಂದಾಗದು. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಜನರ ಜತೆ ನಾನೂ ನಕ್ಕು ಮನೆಗೆ ಹೋಗುತ್ತಿದ್ದೆ. ಆದರೆ ಅವನು ನನ್ನ ತಂಗಿಯ ಗಂಡ. ನಗುವ ಹಕ್ಕು ಊರಿಗಿತ್ತು, ಓಡಾಡುವ ಕೆಲಸ ನನಗಿತ್ತು.

ಹೆಸರು ಮಂಗೇಶ. ಹಬ್ಬುವಾಡದಲ್ಲಿ ಮನೆ, ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ. ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ, ಇಸ್ಪೀಟು ಇಲ್ಲ. ಇರುವ ಒಂದೇ ಚಟವೆಂದರೆ ಮೊಬೈಲಿನಲ್ಲಿ ವಿಡಿಯೊ ನೋಡಿ ಜ್ಞಾನ ಸಂಪಾದಿಸುವುದು. ಹಾಗೆ ಸಂಪಾದಿಸಿದ ಜ್ಞಾನದಿಂದ ಅವನು ಒಮ್ಮೆ ಮಿಕ್ಸರ್ ರಿಪೇರಿ ಮಾಡಿದ್ದ. ಆ ಮೇಲೆ ನೀತಾ ಒಂದು ತಿಂಗಳು ಒರಳಿನಲ್ಲಿ ಅರೆದಳು.

ನೀತಾ ನನ್ನ ತಂಗಿ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅವಳು ಗಂಡನ ಜತೆ ಒಂದೇ ಒಂದು ಪ್ರವಾಸ ಮಾಡಿಲ್ಲ. ಮದುವೆಯಾದ ವರ್ಷ ಊಟಿಗೆ ಹೋಗುವುದಿತ್ತು. ಮಂಗೇಶ ತಪ್ಪು ತಿಂಗಳಿಗೆ ಟಿಕೆಟ್ ಮಾಡಿಸಿದ್ದ. ಇನ್ನೊಮ್ಮೆ ಮೈಸೂರಿಗೆ ಹೊರಟು ಹುಬ್ಬಳ್ಳಿ ಮುಟ್ಟಿದ ಮೇಲೆ ಗ್ಯಾಸ್ ಆಫ್ ಮಾಡಿದ್ದು ನೆನಪಿಲ್ಲವೆಂದು ಅವಳನ್ನು ವಾಪಸು ಕರೆತಂದ. ಗ್ಯಾಸ್ ಆಫ್ ಆಗಿಯೇ ಇತ್ತು. ಎಂಟನೇ ತರಗತಿಯ ಪುಸ್ತಕದಲ್ಲಿ ಜೋಧಪುರದ ಕೋಟೆಯ ಚಿತ್ರ ನೋಡಿದಾಗಿನಿಂದ ನೀತಾಗೆ ಅದನ್ನು ಕಾಣುವ ಆಸೆ. ಈ ವರ್ಷ ಅವಳೇ ಕೂತು ಟಿಕೆಟ್ ಮಾಡಿಸಿದಳು. ಮಂಗೇಶನಿಗೆ ಮೇ ತಿಂಗಳಲ್ಲಿ ಮಾತ್ರ ರಜೆ ಸಿಕ್ಕಿತು. ಬೆಂಕಿಯಂಥ ಬಿಸಿಲಾದರೂ ಸರಿ, ಹೋಗಿಯೇ ಸಿದ್ಧ ಎಂದಳು. ಭಾನುವಾರ ಮಧ್ಯಾಹ್ನ ಕಾರವಾರದಿಂದ ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ರೈಲು, ಒಟ್ಟು ಹತ್ತು ದಿನ.

ಇಷ್ಟು ಸರಳವಾದ ಸಂಗತಿಯನ್ನೂ ಕೆಡಿಸಲು ಸಾಧ್ಯ ಎಂದು ನಮಗೆ ಹೊಳೆದಿರಲಿಲ್ಲ.

ಹೊರಡುವುದಕ್ಕೆ ಎಂಟು ದಿನ ಮೊದಲು ಮಂಗೇಶ ನನ್ನ ಝೆರಾಕ್ಸ್ ಅಂಗಡಿಗೆ ಬಂದ. ಮೈಮೇಲೆ ಇಟ್ಟಿಗೆ ಬಣ್ಣದ ಹೊಸ ಅಂಗಿ.

"ಬಾವಾ, ಮುಟ್ಟಿ ನೋಡು."

ಮುಟ್ಟಿದೆ. ಮೆತ್ತಗಿತ್ತು.

"ಎಂತದು ಹೇಳು ನೋಡ್ವಾ?"

"ಅಂಗಿ."

"ಉಣ್ಣೆ ಮಾರಾಯಾ, ಉಣ್ಣೆ! ಮೆರಿನೊ ಅಂದೇಳಿ. ಆಸ್ಟ್ರೇಲಿಯಾದ ಕುರಿದು. ನೂಲು ನಮ್ಮ ತಲೆಗೂದಲಿಗಿಂತ ಸಪೂರ."

ನಾನು ಹೊರಗೆ ನೋಡಿದೆ. ರಸ್ತೆಯ ಡಾಂಬರು ಮೆತ್ತಗಾಗುವಂಥ ಬಿಸಿಲು. ಎದುರಿನ ಆಟೋದವನು ಟವೆಲ್ ಒದ್ದೆ ಮಾಡಿ ತಲೆಗೆ ಹಾಕಿಕೊಂಡಿದ್ದ.

"ಈ ಸೆಕೆಗೆ ಉಣ್ಣೆಯಾ? ತಲೆ ಸಮ ಉಂಟಾ ನಿಂಗೆ?"

"ಅದೇ ನೋಡು, ಎಲ್ಲಾರೂ ತಿಳ್ಕಂಡಿದ್ದು ತಪ್ಪು. ಚಳಿಗೆ ದಪ್ಪ ಉಣ್ಣೆ, ಸೆಕೆಗೆ ಸಪೂರ ಉಣ್ಣೆ. ಬೆವರು ಎಳ್ಕಂಡು ಗಾಳಿಗೆ ಬಿಡ್ತದೆ. ವಾಸನೆ ಹಿಡಿಯೂದಿಲ್ಲ. ದಿನಾ ತೊಳೆಯೂದು ಬೇಡ. ಹತ್ತು ದಿನಕ್ಕೆ ಎರಡೇ ಅಂಗಿ, ಒಂದು ಚೀಲ. ಹಗುರಾಗಿ ಹೋಗೂದು, ಹಗುರಾಗಿ ಬರೂದು. ಪ್ರಪಂಚದಲ್ಲಿ ತಿಳದೋರೆಲ್ಲ ಈಗ ಹೀಂಗೇ ತಿರುಗೂದು."

"ಬೇರೆ ಬಣ್ಣ ಇರ್ಲಿಲ್ವಾ?"

"ನನ್ನ ಅಳತೆಗೆ ಇದೊಂದೇ ಬಣ್ಣ ಇತ್ತು. ಎರಡೂ ಇದೇ."

ಆ ಬಣ್ಣವನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು. ನೆರಳಿನಲ್ಲಿ ಇಟ್ಟಿಗೆಯಂತೆಯೂ ಬಿಸಿಲಿಗೆ ಬಂದರೆ ಮಠದ ಕಡೆಯಿಂದ ಬಂದಂತೆಯೂ ಕಾಣುವ ಬಣ್ಣ ಅದು.

ಅಂಗಿ ಕೊಂಡವನು ಹಾಕಿಕೊಂಡು ಸುಮ್ಮನಿದ್ದರೆ ಅವನು ಮಂಗೇಶ ಹೇಗಾದಾನು? ವಾಸನೆ ಹಿಡಿಯುವುದಿಲ್ಲ ಎಂಬುದನ್ನು ಅವನು ಪರೀಕ್ಷೆ ಮಾಡಿ ಜಗತ್ತಿಗೆ ತೋರಿಸಬೇಕಿತ್ತು. ಆರು ದಿನ ಅದೇ ಅಂಗಿ, ತೊಳೆಯದೆ. ಪರೀಕ್ಷೆ ಶುದ್ಧವಾಗಿರಬೇಕಾದರೆ ಬೇರೆ ವಾಸನೆ ಸೋಕಬಾರದು. ಹಾಗಾಗಿ ಆರು ದಿನ ಮೀನು ಬಂದ್. ಯಾರೂ ಬೆವರಿನ ಕೈಯಿಂದ ಮುಟ್ಟಬಾರದು. ಬಸ್ಸಿನಲ್ಲಿ ಜನರಿಗೆ ಒತ್ತಿಕೊಂಡು ಕೂರಬಾರದು. ಬೆಳಿಗ್ಗೆ ಜಗಲಿಯಲ್ಲಿ ಕೂತು, ಕಣ್ಣು ಮುಚ್ಚಿ, ಅಂಗಿಯ ಕಂಕುಳನ್ನು ಮೂಗಿಗೆ ಹಿಡಿದು ದೀರ್ಘವಾಗಿ ಉಸಿರೆಳೆಯುವುದು, ಬಿಡುವುದು. ದೂರದಿಂದ ನೋಡಿದವರಿಗೆ ಇದು ಏನಾಗಿ ಕಾಣಬಹುದೆಂದು ಅವನು ವಿಚಾರ ಮಾಡಲಿಲ್ಲ.

ಮೊದಲು ನೋಡಿದವಳು ಬೊಮ್ಮಿ. ಹಬ್ಬುವಾಡದಲ್ಲಿ ಹದಿನೈದು ವರ್ಷದಿಂದ ಮನೆಮನೆಗೆ ಮೀನು ಕೊಡುವವಳು. ಊರು ಅಂಕೋಲೆಯ ಕಡೆ. ಮಂಗೇಶ ಅವಳ ಅತ್ಯಂತ ನಂಬಿಕೆಯ ಗಿರಾಕಿ. ಅಂಥವನು ಬುಟ್ಟಿಯಲ್ಲಿ ಬೆಳ್ಳಗೆ ಹೊಳೆಯುವ ಬಾಂಗಡೆಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ ಬೊಮ್ಮೀ. ಹತ್ರ ತರಬ್ಯಾಡ. ಬಿಟ್ಟಿದ್ದೆ."

"ಎಂತಾ ಬಿಟ್ರಾ?"

"ಮೀನು."

"ಅಯ್ಯೋ ಒಡೆಯಾ! ಎಷ್ಟ್ ದಿನಕ್ಕೆ?"

"ಈಗೇ ಹೇಳೂಕೆ ಆಗೂದಿಲ್ಲ. ದೂರ ಹೋಗೂದದೆ, ಉತ್ತರದ ಬದಿಗೆ. ಎರಡೇ ಬಟ್ಟೆ. ಬಾಕಿ ಎಲ್ಲಾ ಬಿಟ್ಟೇ ಹೋಗೂದು."

ಬೊಮ್ಮಿ ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಕಾರವಾರದಲ್ಲಿ ಒಬ್ಬ ಗಟ್ಟಿಮುಟ್ಟಾದ ಗಂಡಸು ವೈದ್ಯರು ಹೇಳದೆ, ಶ್ರಾವಣ ಬಾರದೆ, ಮನೆಯಲ್ಲಿ ಸೂತಕವಿಲ್ಲದೆ ಮೀನು ಬಿಟ್ಟರೆ ಅದಕ್ಕೆ ಒಂದೇ ಅರ್ಥ. ಅದಕ್ಕೆ ಆ ಬಣ್ಣದ ಬಟ್ಟೆ, ಕಣ್ಣು ಮುಚ್ಚಿ ಉಸಿರಾಟ, ಉತ್ತರ ದಿಕ್ಕು. ಹೆಚ್ಚಿನ ಸಾಕ್ಷಿ ಕೇಳುವಷ್ಟು ಬೊಮ್ಮಿ ದಡ್ಡಿಯಲ್ಲ. ಮಂಗೇಶ ಸಂನ್ಯಾಸಿಯಾಗಿ ಹೊರಟಿದ್ದಾನೆ ಎಂಬ ಸುದ್ದಿ ಬಾಂಗಡೆಯ ಜತೆ ಹಬ್ಬುವಾಡದ ನಲವತ್ತು ಮನೆಗೆ ತಲುಪಿತು.

ಇದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಇಂಥ ಸುದ್ದಿಯನ್ನು ಮನೆಯವರ ಎದುರು ಆಡದಿರುವಷ್ಟು ಮರ್ಯಾದೆ ನಮ್ಮೂರಿನವರಿಗಿದೆ. ಆ ಮರ್ಯಾದೆಯೇ ನಮಗೆ ಮುಳುವಾಯಿತು.

ಪಕ್ಕದ ಮನೆಯ ವೀಣಾ ಧೈರ್ಯ ಮಾಡಿ ಕಂಪೌಂಡಿನ ಮೇಲಿಂದ ಕೇಳಿದರಂತೆ.

"ಮಂಗೇಶಣ್ಣಾ, ಹೋಗೂದು ಖರೆಯಾ?"

"ಭಾನುವಾರ."

"ನೀತಕ್ಕನ ವಿಚಾರ ಎಂತ ಮಾಡಿದ್ರಿ?"

ಮಂಗೇಶನ ತಲೆಯಲ್ಲಿದ್ದದ್ದು ಹೆಂಡತಿಯ ಸೂಟ್‌ಕೇಸು. ಅದರಲ್ಲಿ ಅವಳು ಎಂಟು ಸೀರೆ ತುಂಬಿದ್ದಳು. ಆ ಸೂಟ್‌ಕೇಸಿನ ವಿಷಯದಲ್ಲಿ ಇಬ್ಬರಿಗೂ ನಾಲ್ಕು ದಿನದಿಂದ ಮಾತಿರಲಿಲ್ಲ.

"ಅವಳದು ಅವಳು ನೋಡ್ಕಳ್ತಾಳೆ ವೀಣಾ. ನಾ ಹೇಳಿ ಹೇಳಿ ಸಾಕಾಯ್ತು. ಅವಳಿಗೆ ಮೋಹ ಬಿಡೂಕೆ ಆಗೂದಿಲ್ಲ. ನಂಗೆ ಆ ಭಾರ ಹೊರೂಕೆ ಆಗೂದಿಲ್ಲ."

ವೀಣಾ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಮರುದಿನದಿಂದ ನೀತಾಗೆ ಅವರ ಮನೆಯಿಂದ ಹಲಸಿನ ಎಲೆಯಲ್ಲಿ ಬೇಯಿಸಿದ ಬಿಸಿಬಿಸಿ ಕೊಟ್ಟೆ ರೊಟ್ಟಿ ಬರತೊಡಗಿತು. ಪ್ರವಾಸಕ್ಕೆ ಹೊರಟವರನ್ನು ಈ ವೀಣಾ ಎಷ್ಟು ಚಂದ ನೋಡಿಕೊಳ್ಳುತ್ತಾರೆ ಎಂದು ನೀತಾ ನನ್ನ ಹತ್ತಿರ ಹೊಗಳಿದಳು.

ಕಚೇರಿಯಲ್ಲೂ ಅದೇ ಕಥೆ. ಸಾಯಿನಾಥ ಸಾಹೇಬರು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಕೇಳಿದರು.

"ಮಂಗೇಶ, ಸತ್ಯ ಹೇಳಿ. ವಾಪಸು ಬರ್ತ್ರೋ ಇಲ್ವೋ?"

ಮಂಗೇಶನಿಗೆ ಇದು ರಾಜಸ್ಥಾನದ ಬಿಸಿಲಿನ ಬಗೆಗಿನ ತಮಾಷೆ ಎನಿಸಿತು. "ಎಲ್ಲಾ ಅವನ ಕೈಲಿ ಸಾರ್," ಎಂದು ಮೇಲೆ ತೋರಿಸಿ ನಕ್ಕ. ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು. ಅಂದೇ ಮಧ್ಯಾಹ್ನ ಫ್ಯಾನಿನ ಕೆಳಗಿದ್ದ ಅವನ ಮೇಜನ್ನು ಸುಜಯ ಎಂಬ ಸಹೋದ್ಯೋಗಿ ಕೇಳಿದ. ಮಂಗೇಶ ಸಂತೋಷದಿಂದ ಬಿಟ್ಟುಕೊಟ್ಟ. ಮೆರಿನೊ ತೊಟ್ಟವನಿಗೆ ಫ್ಯಾನಿನ ಹಂಗಿಲ್ಲ ಎಂಬುದಕ್ಕೆ ಅದೂ ಒಂದು ಪುರಾವೆಯಾಯಿತು. ಜನ ತನಗೆ ದಾರಿ ಬಿಡುತ್ತಿದ್ದಾರೆ, ಧ್ವನಿ ತಗ್ಗಿಸಿ ಮಾತಾಡುತ್ತಿದ್ದಾರೆ ಎಂದು ಅವನು ನನಗೆ ಬಂದು ಹೇಳಿದ. "ಒಳ್ಳೆ ಬಟ್ಟೆಗೆ ಎಷ್ಟು ಬೆಲೆ ಉಂಟು ನೋಡು ಬಾವಾ," ಎಂದ. ನಾನು ಝೆರಾಕ್ಸ್ ಯಂತ್ರಕ್ಕೆ ಕಾಗದ ತುಂಬುತ್ತಿದ್ದೆ. ಸಿಟ್ಟಿಗೆ ಕಾಗದ ಸಿಕ್ಕಿಹಾಕಿಕೊಂಡಿತು.

ಶನಿವಾರ ಅವನು ಅಂಕೋಲೆಗೆ ಹೊರಟ. ಅವರ ಮನೆತನದಲ್ಲಿ ದೂರ ಪ್ರಯಾಣಕ್ಕೆ ಮೊದಲು ಗಂಗೆ ಮಾವಶಿಯ ಮನೆಯ ದೇವರ ಮುಂದೆ ತೆಂಗಿನಕಾಯಿ ಇಟ್ಟು ಬರಬೇಕು. ಗಂಗೆ ಮಾವಶಿ ಎಂದರೆ ಮಂಗೇಶನ ತಾಯಿಯ ತಂಗಿ, ಎಪ್ಪತ್ತೆಂಟು ವರ್ಷ, ಮನೆ ಬಾಳೆಗುಳಿಯ ಕ್ರಾಸಿನಿಂದ ಕೂಗಳತೆ. ಕಾಯಿ ಇಟ್ಟು ಸಂಜೆಯೊಳಗೆ ಬರಬೇಕಾದವನು ತನ್ನ ಒಂದೇ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ಹೋದ. ಹತ್ತು ದಿನದ ಸಾಮಾನು ಎಷ್ಟು ಸಣ್ಣದೆಂದು ಮಾವಶಿಗೆ ತೋರಿಸಬೇಡವೆ?

ಸಂಜೆ ನಾನು ನೀತಾಳ ಮನೆಯಲ್ಲಿದ್ದಾಗ ಮಂಗೇಶನ ಫೋನ್ ಬಂತು.

"ಇಲ್ಲಿ ನಾಳೆ ದೇವಕಾರ್ಯ. ಅಡಿಗೆ ಹರಿಶ್ಚಂದ್ರ ಭಟ್ರು ಕಾಲು ಉಳುಕಿಸ್ಕಂಡು ಕೂತಿದ್ದಾರೆ. ನೈವೇದ್ಯ ಮಾಡೂಕೆ ಜನ ಇಲ್ಲ. ಮಾವಶಿ ಬಿಡೂದಿಲ್ಲ ಅಂತಾಳೆ. ನಾ ನಾಳೆ ಬಾಳೆಗುಳಿಲೇ ಬಸ್ ಹತ್ತತೆ. ನೀ ಕಾರವಾರದಿಂದ ಬಾ."



"ಬಸ್ಸು ಒಂದೂವರೆಗೆ ಬಾಳೆಗುಳಿಗೆ ಬರ್ತದೆ," ಎಂದಳು ನೀತಾ. "ನಾ ಅದ್ರಲ್ಲಿ ಇರ್ತೆ. ನೀವು ಹತ್ತಿದ್ರೂ ಇರ್ತೆ, ಹತ್ತದಿದ್ರೂ ಇರ್ತೆ. ಈ ಸಲ ನಾ ಇಳಿಯೂದಿಲ್ಲ."

ಫೋನಿಟ್ಟು ನನ್ನ ಕಡೆ ನೋಡಿದಳು. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. "ದಾದಾ, ನಾಳೆ ನೀ ಹೋಗಿ ಅವರನ್ನ ಬಾಳೆಗುಳಿಗೆ ತಂದು ನಿಲ್ಸು," ಎಂದಳು.

ಭಾನುವಾರ ನಾನು ಸ್ಕೂಟರಿನಲ್ಲಿ ಮಾವಶಿಯ ಅಂಗಳ ಮುಟ್ಟಿದಾಗ ಹನ್ನೊಂದೂವರೆ. ಅಂಗಿ ಬೆನ್ನಿಗೆ ಅಂಟಿತ್ತು. ಹರಿಶ್ಚಂದ್ರ ಭಟ್ಟರು ಜಗಲಿಯ ಕುರ್ಚಿಯಲ್ಲಿ ಕೂತು, ಬಲಗಾಲಿಗೆ ದಪ್ಪ ಪಟ್ಟಿ ಸುತ್ತಿ ಸ್ಟೂಲಿನ ಮೇಲಿಟ್ಟುಕೊಂಡು, ಒಳಗಿನ ಯಾರಿಗೋ "ಸೌಟು ಬಿಡಬ್ಯಾಡಾ, ತಿರುವು, ತಿರುವು" ಎಂದು ಹುಕುಂ ಕೊಡುತ್ತಿದ್ದರು. ನಾನು ಅಡಿಗೆಮನೆಯ ಬಾಗಿಲಿಗೆ ಹೋಗಿ ನೋಡಿದೆ.

ಮಂಗೇಶ ಒಲೆಯ ಮುಂದೆ ನಿಂತಿದ್ದ. ಬರಿ ಮೈ, ಒದ್ದೆ ಪಂಚೆ, ಅದರ ಮೇಲೆ ಸೊಂಟದ ಸುತ್ತ ಇಟ್ಟಿಗೆ ಬಣ್ಣದ ನಾಲ್ಕೈದು ತುಂಡುಗಳನ್ನು ಗಂಟು ಹಾಕಿ ಸುತ್ತಿಕೊಂಡಿದ್ದ. ಹಿಂದುಗಡೆ ಒಂದು ಕಾಲರ್ ಜೋತಾಡುತ್ತಿತ್ತು. ಎಡಗಡೆ ಗುಂಡಿಗಳ ಸಾಲು. ಬಲ ಮೊಣಕಾಲಿನ ಹತ್ತಿರ ಕಿಸೆ.

"ಇದೆಂತಾ ಅವತಾರ?"

"ಹೊಲಿಗೆ ಬಿಚ್ಚಿದ್ರು ಬಾವಾ," ಎಂದ ಮಂಗೇಶ, ಸೌಟು ತಿರುವುತ್ತಲೇ. "ಎರಡೂ ಅಂಗಿದು."

ನಡೆದದ್ದಿಷ್ಟು. ಶನಿವಾರ ಅವನು ಕಾಯಿ ಇಡುವ ಮೊದಲೇ ಅಂಗಿಯ ಗುಣಗಾನ ಶುರು ಮಾಡಿದ್ದ. ಉಣ್ಣೆ, ತೊಳೆಯಬೇಕಿಲ್ಲ, ಕೊಳೆ ಹತ್ತುವುದಿಲ್ಲ, ಆರು ದಿನವಾಯಿತು ಮೀನು ಮುಟ್ಟಿಲ್ಲ. ಹಿಂದೆ ನಮ್ಮ ಕಡೆ ಮಡಿಯವರು ಅಡಿಗೆಗೂ ಪೂಜೆಗೂ ಧಾಬಳಿ ಎಂಬ ಉಣ್ಣೆ ಬಟ್ಟೆ ಉಡುತ್ತಿದ್ದರು. ಹತ್ತಿ ಬಟ್ಟೆಯನ್ನು ದಿನವೂ ಒಗೆದು, ಯಾರೂ ಮುಟ್ಟದಂತೆ ಒಣಗಿಸಬೇಕು. ಉಣ್ಣೆಗೆ ಆ ಕಾನೂನಿಲ್ಲ, ಅದಕ್ಕೆ ಮೈಲಿಗೆಯೇ ಇಲ್ಲ. "ನನ್ನ ಅತ್ತೆಯ ಧಾಬಳಿ ಹುಳ ತಿಂದು ಹೋದ ಮೇಲೆ ಈ ಮನೇಲಿ ಧಾಬಳಿ ಕಂಡೇ ಇಲ್ಲ. ದೇವರೇ ನಿನ್ನ ಕಳಿಸಿದ್ದು," ಎಂದರಂತೆ ಮಾವಶಿ. ಆದರೆ ಹೊಲಿದ ಬಟ್ಟೆ ಮಡಿಗೆ ನಡೆಯುವುದಿಲ್ಲ ಎಂದು ಭಟ್ಟರು ಕುರ್ಚಿಯಿಂದಲೇ ತಕರಾರು ತೆಗೆದರು. ಹೊಲಿಗೆಯೇ ತಕರಾರಾದರೆ ಅದಕ್ಕೆ ಒಂದು ಬ್ಲೇಡು ಸಾಕು ಎಂದು ಮಾವಶಿ ಕನ್ನಡಕ ಹಾಕಿಕೊಂಡು ಕೂತರು. ಒಂದು ಅಂಗಿ ಮಂಗೇಶನ ಹೊಟ್ಟೆಗೆ ಸುತ್ತು ಬರಲಿಲ್ಲ. ಚೀಲದಲ್ಲಿದ್ದದ್ದನ್ನೂ ಬಿಚ್ಚಿದರು.

"ನೀ ಸುಮ್ನೆ ನೋಡ್ತಾ ಕೂತ್ಯಾ?"

"ದೊಡ್ಡೋರಿಗೆ ಎಂತ ಹೇಳೂದು? ಆದ್ರೂ ಬಾವಾ, ಇಷ್ಟು ಬೆಂಕಿ ಮುಂದೆ ನಿಂತೂ ಸೊಂಟದ ಹತ್ರ ತಣ್ಣಗೇ ಉಂಟು ನೋಡು."

ನನಗೆ ಆ ಸೌಟು ಕಿತ್ತುಕೊಂಡು ಅವನ ತಲೆಗೆ ಕೊಡಬೇಕೆನಿಸಿತು. ದೇವರ ನೈವೇದ್ಯವೆಂದು ಬಿಟ್ಟೆ.

ಅಷ್ಟರಲ್ಲಿ ಮಾವಶಿ ದೇವರ ಕೋಣೆಯಿಂದ ಬಂದರು. ಕುಳ್ಳಗೆ, ತೆಳ್ಳಗೆ, ಕಣ್ಣು ಮಾತ್ರ ಸೂಜಿಯ ಹಾಗೆ.

"ಮಾವಶೀ, ಒಂದೂವರೆಗೆ ಇವನಿಗೆ ಬಸ್ಸುಂಟು. ಇವನ್ನ ಬಿಡಿ. ಬಾಕಿ ಅಡಿಗೆ ನಾ ಮಾಡ್ತೆ."

"ಬೆಳಿಗ್ಗೆ ಎಂತ ತಿಂದ್ಕಂಡು ಬಂದೆ?"

ದೇವರ ಮನೆಯ ಮುಂದೆ ಸುಳ್ಳು ಹೇಳಲಾಗಲಿಲ್ಲ. "ನಿನ್ನೆದು ಬಾಂಗಡೆ ಸಾರಿತ್ತು."

"ಮತ್ತೆ? ಜಗಲಿ ಮೇಲೆ ಕೂತ್ಕ."

ಜಗಲಿಯ ಮೇಲೆ ಕೂತೆ. ಆ ಎರಡು ತಾಸಿನಷ್ಟು ಉದ್ದವಾದ ಎರಡು ತಾಸನ್ನು ನಾನು ಬೇರೆಲ್ಲೂ ಕಳೆದಿಲ್ಲ. ಪಾಯಸ ಇಳಿಯಿತು. ಹೋಗಬಹುದೆಂದು ನಾನು ಎದ್ದೆ. ಮಾವಶಿಗೆ ಹಾಗಲಕಾಯಿ ಗೊಜ್ಜು ನೆನಪಾಯಿತು. ಗೊಜ್ಜು ಆಯಿತು. ದೇವರಿಗೆ ಪ್ರತಿ ವರ್ಷ ಬಾಳೆಕಾಯಿ ಪಲ್ಯ ಇರುತ್ತದಲ್ಲ ಎಂದು ಭಟ್ಟರಿಗೆ ನೆನಪಾಯಿತು. ಊಟಕ್ಕೆ ಬಂದ ನೆಂಟರು ಅಂಗಳದ ಚಪ್ಪರದಲ್ಲಿ ಬೀಸಣಿಗೆ ಹಾಕಿಕೊಳ್ಳುತ್ತ ಒಳಗೆ ಇಣುಕಿ, ಮಂಗೇಶನನ್ನು ಕಂಡು ದೂರದಿಂದಲೇ ಕೈಮುಗಿದು ಹೋಗುತ್ತಿದ್ದರು. ಒಬ್ಬ ಮುದುಕರಂತೂ ನನ್ನ ಭುಜ ಒತ್ತಿ, "ತಂಗಿಗೆ ಧೈರ್ಯ ಹೇಳು," ಎಂದರು. ಬಸ್ ಪ್ರಯಾಣಕ್ಕೆ ಇಷ್ಟು ಧೈರ್ಯ ಯಾಕೆಂದು ನನಗೆ ಅರ್ಥವಾಗಲಿಲ್ಲ.

ಹನ್ನೆರಡೂ ಮುಕ್ಕಾಲಿಗೆ ಬಸ್ಸಿನಿಂದ ನೀತಾಳ ಫೋನು. "ದಾದಾ, ಬಿಣಗಾ ದಾಟ್ತು."

"ಸಿಕ್ಕಿದ್ದಾನೆ. ಬರ್ತೇವೆ."

ಗೋಧಿ ಹುಗ್ಗಿಯೂ ಆಗಬೇಕೆಂದರು ಮಾವಶಿ.

"ದಾದಾ, ಅಮದಳ್ಳಿ."

"ಬಂದ್ವಿ, ಬಂದ್ವಿ."

ಹುಗ್ಗಿಗೆ ತೆಂಗಿನ ಹಾಲು ಸಾಲದೆಂದು ಇನ್ನೆರಡು ಕಾಯಿ ತುರಿಯಲು ಹೇಳಿದರು. ಮಂಗೇಶ ಕಾಲರ್ ಜೋತಾಡಿಸಿಕೊಂಡು ತುರಿಯಲು ಕೂತ.

"ಅವರ್ಸಾ, ದಾದಾ." ಈ ಸಲ ಅವಳ ಧ್ವನಿ ಬೇರೆಯಾಗಿತ್ತು. "ಅವರು ಹೊರಟ್ರಾ ಇಲ್ವಾ, ಅದೊಂದು ಹೇಳು."

ಹೊರಟಾಯಿತೆಂದು ಸುಳ್ಳು ಹೇಳಿದೆ. ಗಡಿಯಾರದಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ. ಒಳಗಿನಿಂದ ಮಾವಶಿಯ ಧ್ವನಿ ಕೇಳಿತು: "ಮಂಗೇಶಾ, ವಡೆ ಮರತೇ ಹೋಯ್ತಲ್ಲೋ. ಉದ್ದು ನೆನೆ ಹಾಕು."

ಉದ್ದು! ನೆನೆಯಲಿಕ್ಕೇ ಎರಡು ತಾಸು ಬೇಕು. ನಾನು ಚಪ್ಪಲಿ ಹಾಕಿಕೊಂಡೇ ಅಡಿಗೆಮನೆಯ ಹೊಸ್ತಿಲು ದಾಟಿದೆ. ಮಡಿ, ಮೈಲಿಗೆ, ಬಾಂಗಡೆ ಯಾವುದೂ ತಲೆಯಲ್ಲಿರಲಿಲ್ಲ.

"ಮಾವಶೀ! ಇದೆಂತಾ ಆಟ! ಅವನಿಗೆ ಬಸ್ಸುಂಟು ಅಂದೇಳಿ ನೂರು ಸಲ ಹೇಳ್ದೆ!"

"ಗೊತ್ತುಂಟು," ಎಂದರು ಮಾವಶಿ, ಅಷ್ಟೇ ಜೋರಾಗಿ. "ಆ ಬಸ್ಸು ಹೋಗ್ಲಿ ಅಂದೇಳೇ ನಾ ಬೆಳಿಗ್ಗೆಯಿಂದ ಇಷ್ಟೆಲ್ಲಾ ಬೇಯಿಸ್ತಾ ಇರೂದು!"

ಮಾವಶಿ ಹುಗ್ಗಿಯ ಉರಿ ಸಣ್ಣ ಮಾಡಿ ನನ್ನ ಕಡೆ ತಿರುಗಿದರು.

"ಬೊಮ್ಮಿ ಬಂದು ಎಲ್ಲಾ ಹೇಳಿದ್ದಾಳೆ. ಕಾವಿ ಬಟ್ಟೆ ತಕಂಡಿದ್ದಾನಂತೆ, ಮೀನು ಬಿಟ್ಟಿದ್ದಾನಂತೆ, ನೀತಾನ ಭಾರ ಹೊರೂಕಾಗೂದಿಲ್ಲ ಅಂದ್ನಂತೆ. ನಿನ್ನೆ ಬಂದವನೂ ಅದನ್ನೇ ಹೇಳ್ದ. ಎರಡು ಬಟ್ಟೆ, ಒಂದು ಚೀಲ, ಎಲ್ಲಾ ಬಿಟ್ಟು ಉತ್ತರಕ್ಕೆ. ನನ್ನ ಅಣ್ಣನೂ ಹೀಂಗೇ ಒಂದು ಚೀಲ ಹಿಡ್ಕಂಡು, ಕಾಯಿ ಇಟ್ಟು ಹೋದಂವ. ಅತ್ತಿಗೆ ಮೂವತ್ತು ವರ್ಷ ಬಸ್ಸಿನ ಸದ್ದಾದಾಗೆಲ್ಲ ಬಾಗಿಲಿಗೆ ಬರ್ತಿದ್ಲು. ನೀತಾಗೆ ಆ ಗತಿ ಬರೂಕೆ ನಾ ಬಿಡೂದಿಲ್ಲ. ಅದಕ್ಕೇ ಬ್ಲೇಡು ತಕಂಡು ಬಿಚ್ಚಿದ್ದು. ಕಾವಿ ಇಲ್ದೆ ಹ್ಯಾಂಗೆ ಹೋಗ್ತಾನೆ ನೋಡ್ತೆ. ಅವನ ಪ್ಯಾಂಟೂ ಬಕೆಟಲ್ಲಿ ನೆನೆ ಹಾಕಿದ್ದೆ."

ನಾನು ಜಗಲಿಯ ಕಡೆ ತಿರುಗಿದೆ. "ಭಟ್ರೇ, ನಿಮ್ಮ ಕಾಲು?"

ಭಟ್ಟರು ಎದ್ದು ನಿಂತರು. ಎರಡೂ ಕಾಲಿನ ಮೇಲೆ, ಗಟ್ಟಿಯಾಗಿ. ಹೆಸರು ಹರಿಶ್ಚಂದ್ರ. "ಅಮ್ಮ ಹೇಳಿದ್ರು," ಎಂದು ಪಟ್ಟಿ ಬಿಚ್ಚತೊಡಗಿದರು.

ಮಂಗೇಶ ಮಾತ್ರ ಕಾಯಿಯ ಹೋಳನ್ನು ಕೈಯಲ್ಲಿ ಹಿಡಿದು ಬಾಯಿ ಬಿಟ್ಟು ನಿಂತಿದ್ದ.

"ಸಂನ್ಯಾಸವಾ? ಮಾವಶೀ, ನಾ ನೀತಾನ್ನ ಕರ್ಕಂಡು ಜೋಧಪುರಕ್ಕೆ ಹೊಂಟಿದ್ದು! ಕೋಟೆ ನೋಡೂಕೆ!"

"ನೀತಾನ್ನ ಕರ್ಕಂಡಾ?"

"ಹೌದು. ಇಬ್ರೂ."

"ಮತ್ತೆ ಅದನ್ನ ನಿನ್ನೆ ಎಂತಕ್ಕೆ ಹೇಳ್ಲಿಲ್ಲ?"

ಮಂಗೇಶ ವಿಚಾರ ಮಾಡಿದ. ಅವನು ವಿಚಾರ ಮಾಡುವಾಗ ಹುಬ್ಬು ಮೇಲೇರುತ್ತದೆ. "ನೀನು ಅಂಗಿ ವಿಷಯ ಕೇಳ್ದೆ," ಎಂದ.

"ನಾ ಎಲ್ಲಿ ಕೇಳ್ದೆ? ಚಪ್ಪಲಿ ಬಿಡೂಕಿಂತ ಮೊದ್ಲೇ ನೀನೇ ಸುರು ಮಾಡ್ದೆ! ಕುರಿ, ಬೆವರು, ನೂಲು! ಹೆಂಡತಿ ಹೆಸರು ಒಂದು ಸಲ ಬಾಯಲ್ಲಿ ಬಂತಾ? ಬೊಮ್ಮಿ ಹತ್ರ ಬಂತಾ? ಯಾರ ಹತ್ರ ಹೇಳಿದ್ಯೋ ನೀನು?"

ಅವನು ಯಾರ ಹತ್ತಿರವೂ ಹೇಳಿರಲಿಲ್ಲ. ಎಂಟು ದಿನ ಕಾರವಾರದಿಂದ ಅಂಕೋಲೆಯವರೆಗೆ ಸಿಕ್ಕ ಸಿಕ್ಕವರಿಗೆಲ್ಲ ಆಸ್ಟ್ರೇಲಿಯಾದ ಕುರಿಯ ಜಾತಕ ಹೇಳಿದ್ದ. ಜತೆಗೆ ಹೆಂಡತಿ ಬರುತ್ತಾಳೆ, ಇಪ್ಪತ್ತೊಂದು ವರ್ಷದ ನಂತರ ಮೊದಲ ಸಲ ಬರುತ್ತಾಳೆ ಎಂಬ ಒಂದು ವಾಕ್ಯ ಅವನ ಬಾಯಿಂದ ಬಂದಿರಲಿಲ್ಲ. ಮಂಗೇಶನ ಮುಖ ಇಳಿಯಿತು. ಅವನ ಮುಖ ಹಾಗೆ ಇಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಫೋನ್ ಬಡಿದುಕೊಂಡಿತು. "ದಾದಾ, ಬಾಳೆಗುಳಿ ಬಂತು. ಇಲ್ಲಿ ಯಾರೂ ಇಲ್ಲ."

ಮಾವಶಿ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು, ಫೋನಿನ ಅಗತ್ಯವೇ ಇಲ್ಲದಂತೆ ಕೂಗಿದರು: "ನೀತಾ, ಹೋಗಬ್ಯಾಡ ಗೋ! ಬಸ್ಸು ಹಿಡ್ಕ! ಕಳಿಸ್ತಾ ಇದ್ದೆ!"

ಪ್ಯಾಂಟು ಬಕೆಟಿನಲ್ಲಿತ್ತು. ಇದ್ದ ವೇಷದಲ್ಲೇ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಚಪ್ಪರದ ನೆಂಟರು ಎದ್ದು ನಿಂತು ಕೈಮುಗಿದರು. ಒಬ್ಬಾಕೆ ಗಟ್ಟಿಯಾಗಿ ಅತ್ತರು. ಸಮಜಾಯಿಷಿ ಕೊಡಲು ನನಗೆ ಸಮಯವಿರಲಿಲ್ಲ.

ಬಾಳೆಗುಳಿಯಲ್ಲಿ ಹುಬ್ಬಳ್ಳಿ ರಸ್ತೆ ತಿರುಗುವಲ್ಲಿ ಬಸ್ಸು ನಿಂತಿತ್ತು. ಅದರ ಹಿಂದೆ ಅದಿರಿನ ಲಾರಿಗಳು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದವು. ಡ್ರೈವರ್ ಸ್ಟೀರಿಂಗ್ ಬಿಟ್ಟು ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಬಾಗಿಲಿಗೆ ಅಡ್ಡಲಾಗಿ ಆ ದೊಡ್ಡ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು. ಸೀರೆಗಳು ಮೆಟ್ಟಿಲ ಮೇಲೆಲ್ಲ ಹರಡಿದ್ದವು. ನೀತಾ ಮೆಟ್ಟಿಲ ಮೇಲೆ ಕೂತು ಒಂದೊಂದನ್ನೇ ಕೊಡವಿ ಹುಡುಕುತ್ತಿದ್ದಳು. ಇಬ್ಬರು ಹೆಂಗಸರು, ಕಂಡಕ್ಟರು, ಒಬ್ಬ ಪೊಲೀಸಿನವ ಸೇರಿ ಅವಳಿಗೆ ಹುಡುಕಲು ನೆರವಾಗುತ್ತಿದ್ದರು.

"ಎಂತ ಕಳೀತು?" ಎಂದು ನಾನು ಕಂಡಕ್ಟರನ್ನು ಕೇಳಿದೆ.

"ಕನ್ನಡಕವಂತ್ರಾ. ಅದು ಸಿಗದೆ ಪೆಟ್ಟಿಗೆ ಮುಚ್ಚೂದಿಲ್ಲ ಅಂತಾರೆ ಅಕ್ಕ. ಲೇಟಾಗ್ತದೆ ಅಂದ್ರೆ ಅಳೂಕೆ ಬರ್ತಾರೆ."

ಕನ್ನಡಕ ಅವಳ ಮೂಗಿನ ಮೇಲೇ ಇತ್ತು. ಬಸ್ಸಿನಲ್ಲಿದ್ದ ಐವತ್ತು ಜನರಲ್ಲಿ ಒಬ್ಬರೂ ಅದನ್ನು ಹೇಳಿರಲಿಲ್ಲ. ಮಂಗೇಶ ಜಗತ್ತಿನಲ್ಲಿ ಒಬ್ಬಂಟಿಯಲ್ಲವೆಂದು ನನಗೆ ತಿಳಿದದ್ದು ಆಗ.

ನೀತಾ ತಲೆಯೆತ್ತಿದಳು. ಗಂಡನ ಬರಿ ಮೈ, ಒದ್ದೆ ಪಂಚೆ, ಸೊಂಟದ ಗುಂಡಿಗಳು, ಕೈಯಲ್ಲಿ ಇನ್ನೂ ಹಿಡಿದಿದ್ದ ತೆಂಗಿನ ಹೋಳು, ಎಲ್ಲವನ್ನೂ ನೋಡಿದಳು.

"ಎಲ್ಲಿ ಮೆರಿನೊ?"

"ಬಿಚ್ಚಿದ್ರು," ಎಂದ ಮಂಗೇಶ. ಆಮೇಲೆ ಬಸ್ಸಿಗೆಲ್ಲ ಕೇಳುವಷ್ಟು ದೊಡ್ಡ ಧ್ವನಿಯಲ್ಲಿ ಕಂಡಕ್ಟರಿಗೆ ಹೇಳಿದ: "ನಾ ಇವಳ ಜತೆ ಹೊಂಟಿದ್ದು. ಇವಳು ನನ್ನ ಹೆಂಡ್ತಿ. ನಾವಿಬ್ರೂ ಜೋಧಪುರಕ್ಕೆ ಹೋಗೂದು." ಈ ಮಾತು ಹೇಳುವುದನ್ನು ಅವನು ಎಂಟು ದಿನ ತಡವಾಗಿ ಶುರು ಮಾಡಿದ್ದ.

ಕಂಡಕ್ಟರಿಗೆ ಇದರಿಂದ ಏನೂ ಆಗಬೇಕಿರಲಿಲ್ಲ. "ಗೊತ್ತುಂಟ್ರಾ, ಕಾರವಾರದಲ್ಲೇ ಎರಡು ಟಿಕೆಟ್ ತಕಂಡಿದ್ದಾರೆ," ಎಂದ.

ನೀತಾ ಸೂಟ್‌ಕೇಸಿನ ತಳಕ್ಕೆ ಕೈ ಹಾಕಿದಳು. ಎಂಟು ಸೀರೆಗಳ ಕೆಳಗಿನಿಂದ ಮಂಗೇಶನ ಹಳೆಯ ನೀಲಿ ಗೀಟಿನ ಹತ್ತಿ ಅಂಗಿ ಹೊರಬಂತು. ಇಸ್ತ್ರಿ ಮಾಡಿದ್ದು.

"ಹಾಕ್ಕಳ್ಳಿ. ನಾಲ್ಕು ತಂದಿದ್ದೆ. ಪ್ಯಾಂಟೂ ಉಂಟು."

ಮಂಗೇಶ ಸೊಂಟದ ತುಂಡುಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಅಲ್ಲೇ ನಿಂತು ಅಂಗಿ ತೊಟ್ಟ.  ಒಂದು ಗುಂಡಿ ತಪ್ಪಿ ಹಾಕಿದ. ನೀತಾ ಅದನ್ನು ಬಿಚ್ಚಿ ಸರಿ ಮಾಡಿದಳು.

"ಅಕ್ಕಾ, ಕನ್ನಡಕ ಸಿಕ್ತಾ?" ಎಂದು ಡ್ರೈವರ್ ಒಳಗಿನಿಂದ ಕೂಗಿದ.

"ಸಿಕ್ತು," ಎಂದಳು ನೀತಾ. ಸೂಟ್‌ಕೇಸು ಮುಚ್ಚಿತು. ಮಂಗೇಶ ಅದನ್ನು ತಾನೇ ಎತ್ತಿ ಹೆಗಲಿಗೇರಿಸಿಕೊಂಡು ಹತ್ತಿದ.

ಬಸ್ಸು ಹೊರಟ ಮೇಲೆ ಕಿಟಕಿಯಿಂದ ಅವನ ತಲೆ ಹೊರಬಂತು. "ಬಾವಾ, ತುಂಡು ಜೋಪಾನ! ಬಿಸಿನೀರಿಗೆ ಹಾಕಬ್ಯಾಡಾ!" ಆ ನಾಲ್ಕೈದು ತುಂಡುಗಳ ಗಂಟು ನನ್ನ ಕೈಯಲ್ಲಿ ಉಳಿದಿತ್ತು. ನೀತಾ ಹಿಂದಿರುಗಿ ನೋಡಲಿಲ್ಲ. ಅವಳು ಮುಂದಿನ ರಸ್ತೆ ನೋಡುತ್ತಿದ್ದಳು.

ಮಾವಶಿಯ ಮನೆಗೆ ವಾಪಸು ಬಂದು ನಲವತ್ತು ಜನರಿಗೆ ಬಡಿಸಿದೆ. ಬಾಂಗಡೆ ತಿಂದವನಿಗೆ ಆ ದಿನದ ಮಟ್ಟಿಗೆ ಮಾಫಿ ಸಿಕ್ಕಿತ್ತು. ನನ್ನ ಅಂಗಿ ಹಿಂಡುವಂತಾಗಿದ್ದರಿಂದ ಅದನ್ನು ಬಿಚ್ಚಿ ಹಗ್ಗಕ್ಕೆ ಹಾಕಿ, ಮಾವಶಿಯ ಕಣ್ತಪ್ಪಿಸಿ ಮೆರಿನೊದ ಬೆನ್ನಿನ ತುಂಡೊಂದನ್ನು ಹೆಗಲ ಮೇಲೆ ಹೊದ್ದುಕೊಂಡೆ. ಮುಂದಿನದನ್ನು ಹೇಳಲು ನನಗೆ ನಿಜವಾಗಿ ನಾಚಿಕೆಯಾಗುತ್ತದೆ. ತಣ್ಣಗಿತ್ತು.

ಬೊಮ್ಮಿಗೆ ವಿಷಯ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹಂಗಾರೆ ಮೀನ ಯಾವಾಗಿಂದ ತಕಂತ್ರು?" ಸುಜಯ ಮಾತ್ರ ಫ್ಯಾನಿನ ಕೆಳಗಿನ ಮೇಜು ವಾಪಸು ಕೊಡುವುದಿಲ್ಲವೆಂದು ಹಟ ಹಿಡಿದು ಕೂತಿದ್ದಾನಂತೆ.

ನಾಲ್ಕನೇ ದಿನ ಜೋಧಪುರದಿಂದ ಫೋನ್ ಬಂತು. "ಬಾವಾ, ಇಲ್ಲಿ ನಲವತ್ನಾಲ್ಕು ಡಿಗ್ರಿ ಮಾರಾಯಾ! ಹತ್ತಿ ಅಂಗಿ ಅರ್ಧ ತಾಸಿಗೆ ಒದ್ದೆ. ದಿನಾ ಸಂಜೆ ನಾನೇ ತೊಳೂದು. ನನ್ನ ಮೆರಿನೊ ಇರಬೇಕಿತ್ತು. ತುಂಡೆಲ್ಲ ಜೋಪಾನ ಇಟ್ಟಿದ್ದೀ ಅಲ್ದಾ? ಬಂದ ಕೂಡ್ಲೆ ಹೊಲಿಸ್ತೆ."

ಹಿಂದಿನಿಂದ ನೀತಾ ಫೋನ್ ಕಸಿದುಕೊಂಡಳು. "ದಾದಾ, ಕೋಟೆ ನೋಡ್ದೆ," ಎಂದಳು. "ಪುಸ್ತಕದಲ್ಲಿ ಸಣ್ಣದಾಗಿ ಹಾಕಿದ್ರು." ಆಮೇಲೆ ಇಬ್ಬರೂ ಏನನ್ನೋ ನೋಡಿ ನಗುವುದು ಕೇಳಿಸಿತು. ಫೋನ್ ಕಡಿಯಲು ಅವರಿಗೆ ನೆನಪಾಗಲಿಲ್ಲ. ನಾನು ಸ್ವಲ್ಪ ಹೊತ್ತು ಕೇಳಿಸಿಕೊಂಡು ನಾನೇ ಇಟ್ಟೆ.

ಮಂಗೇಶನ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ತುಂಡುಗಳು ಜೋಪಾನವಾಗಿಯೇ ಇವೆ. ಸೋಮವಾರವೇ ಟೇಲರ್‌ಗೆ ಕೊಟ್ಟಿದ್ದೇನೆ, ನನ್ನ ಅಳತೆಗೆ.